ಇಳಿಜಾರಿನ ಮನೆಯೂ ನಮ್ಮ ಹ್ಯಾಂಡ್ ಬ್ರೇಕೂ

ಮಡಿಕೇರಿಯಲ್ಲಿ ಸಮನಾದ ನೆಲವೆಂಬುದು ಬಲು ದುರ್ಲಭವಾದ ವಸ್ತು. ನಮ್ಮ ಮನೆಯೂ ಇಳಿಜಾರಿನ ಮೇಲೆಯೇ ಇದೆ. ಬಾಗಿಲಿನಿಂದ ರಸ್ತೆಗೆ ಇಳಿಯುವ ದಾರಿಯಲ್ಲಿ ನಮ್ಮ ಹಳೆಯ ಸಣ್ಣ ಕಾರು ನಿಲ್ಲುವುದು. ಅದು ಅಲ್ಲಿ ನಿಂತಿರುವುದು ಹ್ಯಾಂಡ್ ಬ್ರೇಕಿನ ದಯೆಯಿಂದ ಎಂಬುದನ್ನು ನಾವು ಹದಿನೈದು ವರುಷಗಳಲ್ಲಿ ಒಂದು ದಿನವೂ ಯೋಚಿಸಿದವರಲ್ಲ.

ಕಳೆದ ಮಳೆಗಾಲದ ಒಂದು ಸಂಜೆ ಯೋಚಿಸಬೇಕಾಯಿತು. ಐದು ವರುಷದ ಮೊಮ್ಮಗಳನ್ನು ಹಿಂದಿನ ಆಸನದಲ್ಲಿ ಕುಳ್ಳಿರಿಸಿ, ಮರೆತ ಕೊಡೆಯನ್ನು ತರಲೆಂದು ನಾವು ಒಳಗೆ ಹೋದೆವು. ಹಿಂದಿರುಗಿ ನೋಡುತ್ತೇವೆ, ಕಾರು ಸದ್ದಿಲ್ಲದೆ ರಸ್ತೆಯ ಕಡೆಗೆ ಸರಿಯುತ್ತಿದೆ! ಒಂದು ಗಜದಷ್ಟು ಸರಿದು ಅದು ನಿಂತಿತು. ನಿಲ್ಲಿಸಿದುದು ನಮ್ಮ ಬ್ರೇಕಲ್ಲ. ಮನೆಯಾಕೆ ಎಂದೋ ದಾರಿಯ ಅಂಚಿನಲ್ಲಿ ಇರಿಸಿದ್ದ ಒಡೆದ ಒರಳಿನ ತುಂಡು. ಮಗು ಚಪ್ಪಾಳೆ ತಟ್ಟಿ, “ಅಜ್ಜಾ, ಇನ್ನೊಂದು ಸಲ” ಎಂದಳು. ನಮ್ಮ ಕೈಕಾಲುಗಳು ನಡುಗುತ್ತಿದ್ದುವು.

ತಪ್ಪು ಯಾರದೆಂದು ವಿಚಾರಿಸಿದರೆ ನಮ್ಮದೇ. ಗೇರಿನಲ್ಲಿ ಬಿಡದೆ ಇಳಿದುದು ಮೊದಲನೆಯದು. ಎರಡನೆಯದು ಇನ್ನೂ ಹಳೆಯದು. ಹ್ಯಾಂಡ್ ಬ್ರೇಕಿನ ಹಿಡಿ ಮೊದಲು ಐದಾರು ‘ಟಿಕ್’ ಸದ್ದಿಗೆ ಬಿಗಿಯಾಗುತ್ತಿತ್ತು, ಬರಬರುತ್ತ ಹತ್ತಾಯಿತು. ಆಗೆಲ್ಲ ನಾವು ಹಿಡಿಯ ಬುಡದ ನಟ್ಟನ್ನು ತಿರುಗಿಸಿ, ಕೇಬಲ್ಲನ್ನು ಬಿಗಿಮಾಡಿ, ರೋಗ ವಾಸಿಯಾಯಿತೆಂದು ತಿಳಿದೆವು. ರೋಗ ಚಕ್ರದೊಳಗೆ ಬೆಳೆಯುತ್ತಲೇ ಇತ್ತು.

ನಮ್ಮ ಕಾರಿನಂಥವುಗಳ ಹಿಂದಿನ ಚಕ್ರಗಳಲ್ಲಿ ಕಬ್ಬಿಣದ ಡ್ರಮ್ಮಿದೆ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಷೂಗಳು. ಕಾಲಿನ ಬ್ರೇಕನ್ನು ಒತ್ತಿದರೆ ಎಣ್ಣೆಯ ಒತ್ತಡವೂ, ಕೈಯ ಬ್ರೇಕನ್ನು ಎಳೆದರೆ ಉಕ್ಕಿನ ಕೇಬಲ್ಲೂ ಅವನ್ನೇ ಅಗಲಿಸಿ ಡ್ರಮ್ಮಿನ ಒಳಮೈಗೆ ಅದುಮುತ್ತವೆ. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಈ ಏರ್ಪಾಡನ್ನು ರೂಪಿಸಿದರೆಂದು ಪ್ರತೀತಿ. ಷೂಗಳ ಮೇಲಿನ ಲೈನಿಂಗ್ ಸವೆದುಹೋದ ಮೇಲೆ ಕೇಬಲ್ಲನ್ನು ಎಷ್ಟು ಬಿಗಿದರೇನು?

ನಾವೇ ಹೊಸ ಷೂಗಳನ್ನು ಹಾಕುವೆವೆಂದಾಗ ಮನೆಯಾಕೆ, “ಇದು ಮಗುವಿನ ಪ್ರಾಣದ ಮಾತು. ನಿಮ್ಮ ಹುಮ್ಮಸ್ಸಿಗೆ ಇದೇ ಬೇಕಾಯಿತೇ?” ಎಂದರು. ಉತ್ತರ ಹೊಳೆಯಲಿಲ್ಲ. ಕೊನೆಗೆ ರಾಜಿಯಾಯಿತು: ಕೆಲಸ ನಮ್ಮದು, ಪರೀಕ್ಷೆ ಬೀದಿಯ ಕೊನೆಯ ಗ್ಯಾರೇಜಿನ ಮೇಸ್ತ್ರಿಯದು.

ನೆರೆಯವರ ಕಾಫಿ ಒಣಗಿಸುವ ಕಣ ಸಮತಟ್ಟಾಗಿತ್ತು. ಅಲ್ಲಿ ಮುಂದಿನ ಚಕ್ರಗಳ ಹಿಂದುಮುಂದಿಗೆ ಮರದ ತುಂಡುಗಳನ್ನು ಒತ್ತರಿಸಿದೆವು. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಜಾಕಿನಿಂದ ಎತ್ತಿ, ಭಾರವನ್ನು ಕಬ್ಬಿಣದ ಸ್ಟ್ಯಾಂಡುಗಳ ಮೇಲಿಟ್ಟೆವು. ಜಾಕು ಎತ್ತುವುದಕ್ಕೆ ಮಾತ್ರ. ಅದನ್ನು ನಂಬಿ ಯಾರೂ ಕಾರಿನಡಿಗೆ ತಲೆ ಚಾಚಬಾರದು. ಅನಂತರ ಹ್ಯಾಂಡ್ ಬ್ರೇಕನ್ನು ಪೂರ್ತಿಯಾಗಿ ಇಳಿಸಬೇಕು. ಇಲ್ಲವಾದರೆ ಡ್ರಮ್ಮು ಬಿಡುವುದಿಲ್ಲ. ತುಕ್ಕು ಹಿಡಿದ ಡ್ರಮ್ಮನ್ನು ನಾವು ಅರ್ಧ ಗಂಟೆ ಬಡಿದೆವು. ಆಮೇಲೆ ಕಂಡಿತು: ಅದರ ಮೈಯಲ್ಲಿಯೇ ಎರಡು ತೂತುಗಳಿದ್ದುವು. ಅವುಗಳಲ್ಲಿ ಬೋಲ್ಟುಗಳನ್ನು ಸರಿಸಮನಾಗಿ ತಿರುಗಿಸಿದರೆ ಡ್ರಮ್ಮು ತಾನಾಗಿ ಹೊರಬರುತ್ತದೆ.

ಒಳಗೆಲ್ಲ ಕಪ್ಪು ಧೂಳು. ಅದನ್ನು ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಮೂಗಿಗೆ ಮುಸುಕು ಕಟ್ಟಿ, ಒದ್ದೆ ಬಟ್ಟೆಯಿಂದ ಒರಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆದೆವು. ಲೈನಿಂಗ್ ಒಂದು ಕಡೆ ಉಗುರಿನಷ್ಟೂ ದಪ್ಪವಿರಲಿಲ್ಲ. ಅದನ್ನು ಕಂಡು ಮನೆಯಾಕೆ ಮಾತಾಡಲಿಲ್ಲ. ಮೊಮ್ಮಗಳ ಕೈಹಿಡಿದು ಮನೆಗೆ ಕರೆದೊಯ್ದರು. ಅದೂ ಒಳ್ಳೆಯದಾಯಿತು. ಡ್ರಮ್ಮು ತೆಗೆದಿರುವಾಗ ಯಾರಾದರೂ ಕಾಲಿನ ಬ್ರೇಕನ್ನು ಒತ್ತಿದರೆ ಸಿಲಿಂಡರಿನ ಪಿಸ್ಟನ್ನುಗಳು ಹೊರಚಿಮ್ಮಿ, ಎಣ್ಣೆಯೆಲ್ಲ ನೆಲದ ಪಾಲು.

ಒಂದು ಚಕ್ರದ ಕೆಲಸ ಮುಗಿಯುವವರೆಗೆ ಇನ್ನೊಂದರ ಸ್ಪ್ರಿಂಗುಗಳನ್ನು ಬಿಚ್ಚಬಾರದು; ಅದೇ ನಮಗೆ ಮಾದರಿ. ನಾವು ಮಾದರಿಯನ್ನು ಅತಿಶಯವಾಗಿ ಅನುಸರಿಸಿದೆವು. ಬಲಚಕ್ರದಲ್ಲಿ ಎಡಗೈ ಕಡೆಗಿರುವ ಷೂ ಎಡಚಕ್ರದಲ್ಲಿ ಬಲಗೈ ಕಡೆಗಿರಬೇಕು, ಕನ್ನಡಿಯಲ್ಲಿ ಕಂಡಂತೆ. ಇದನ್ನು ಮರೆತು ಎಲ್ಲವನ್ನೂ ಜೋಡಿಸಿದ ಮೇಲೆ ಕೇಬಲ್ಲು ತನ್ನ ಕೊಂಡಿಯನ್ನು ಮುಟ್ಟಲೊಲ್ಲದು! ಮತ್ತೆ ಇಕ್ಕಳ ಹಿಡಿದು ಬಿಚ್ಚಿದೆವು. ಷೂ ಉಜ್ಜುವ ತಗಡಿನ ಗುರುತುಗಳಿಗೆ ಮಾತ್ರ ಚೂರು ಗ್ರೀಸು ಹಚ್ಚಿ, ಲೈನಿಂಗಿಗೆ ತಗಲದಂತೆ ಎಚ್ಚರವಹಿಸಿ, ಸಂಜೆಯೊಳಗೆ ಎರಡು ಚಕ್ರಗಳನ್ನೂ ಮುಗಿಸಿದೆವು. ಡ್ರಮ್ಮುಗಳನ್ನು ಮುಚ್ಚಿ, ಕಾಲಿನ ಬ್ರೇಕನ್ನು ಹಲವು ಸಲ ಒತ್ತಿ, ಷೂಗಳು ತಮ್ಮ ಸ್ಥಾನಕ್ಕೆ ಬಂದ ಮೇಲೆಯೇ ಕೇಬಲ್ಲನ್ನು ಮುಟ್ಟಿದೆವು. ಹಿಂದೆ ನಾವು ಮಾಡುತ್ತಿದ್ದುದು ಇದರ ತಲೆಕೆಳಗು. ಹಿಡಿ ಆರನೆಯ ಸದ್ದಿಗೆ ಬಿಗಿಯಿತು. ಇಳಿಸಿದಾಗ ಎರಡು ಚಕ್ರಗಳೂ ಸಲೀಸಾಗಿ ತಿರುಗಿದುವು.

ಮಾರನೆಯ ದಿನ ಮೇಸ್ತ್ರಿ ಬಂದು ಚಕ್ರಗಳನ್ನು ಬಿಚ್ಚಿ ನೋಡಿದನು. ಖಾಲಿ ಕಾರನ್ನು ನಮ್ಮ ಇಳಿಜಾರಿನಲ್ಲಿ ನಿಲ್ಲಿಸಿ, ಗೇರಿನಿಂದ ತಪ್ಪಿಸಿ, ಹಿಂದೆ ಮರದ ತುಂಡುಗಳನ್ನಿಟ್ಟು, ಬ್ರೇಕಿನ ಮೇಲೆಯೇ ಬಿಟ್ಟನು. ಕಾರು ಕದಲಲಿಲ್ಲ. “ಸರಿಯಾಗಿದೆ ಸಾರ್. ಆದರೆ ನಾಲ್ಕು ವರುಷದ ಹಿಂದೆಯೇ ಬಿಚ್ಚಿ ನೋಡಬೇಕಾಗಿತ್ತು” ಎಂದನು.

ಈಗ ನಾವು ಗೇರಿನಲ್ಲಿ ಬಿಡದೆ ಕಾರಿನಿಂದ ಇಳಿಯುವುದಿಲ್ಲ; ಹಿಡಿಯ ಸದ್ದನ್ನು ಎಣಿಸುತ್ತೇವೆ. ಮಗುವನ್ನು ಒಳಗೆ ಬಿಟ್ಟು ಹೋಗುವ ಮಾತಂತೂ ಇಲ್ಲವೇ ಇಲ್ಲ. ಇಷ್ಟಾದರೂ ಒರಳಿನ ತುಂಡು ಚಕ್ರದ ಹಿಂದೆಯೇ ಇದೆ. ಪ್ರತಿದಿನವೂ ಮನೆಯಾಕೆ ಅದನ್ನು ಕಾಲಿನಿಂದ ಸರಿಪಡಿಸಿಯೇ ಒಳಗೆ ಬರುತ್ತಾರೆ. ಅದನ್ನು ತೆಗೆಯಿರೆಂದು ಹೇಳುವ ಧೈರ್ಯ ನಮಗಿನ್ನೂ ಬಂದಿಲ್ಲ. ಬರುವುದು ಬೇಡವೆಂದೇ ನಮ್ಮ ಅಭಿಪ್ರಾಯ.