ಎರಡರಿಂದ ಎಂಟರವರೆಗೆ

256 ಕೆಬಿಪಿಎಸ್ ಲೈನಿನಲ್ಲಿ 700 ಎಂಬಿಯ ಒಂದು ಸಿಡಿ ಇಳಿಸಲು, ಎಲ್ಲೂ ತಡೆಯದೆ ಓಡಿದರೂ, ಆರು ಗಂಟೆ ಇಪ್ಪತ್ತು ನಿಮಿಷ ಬೇಕು. ದುಡ್ಡಿನ ಲೆಕ್ಕವಿಲ್ಲದೆ ಇಳಿಸಿಕೊಳ್ಳಲು ನಮಗಿದ್ದದ್ದು ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ, ಆರೇ ಗಂಟೆ. ಆನವಟ್ಟಿಯ ನಮ್ಮ ಗುಂಪು ಕಂಪ್ಯೂಟರ್ ಅಂತ ಏನಾದರೂ ಕಲಿತಿದ್ದರೆ ಅದು ಆ ಇಪ್ಪತ್ತು ನಿಮಿಷದ ಕೊರತೆಯಿಂದ.

ಅದಕ್ಕೂ ಮುಂಚೆ ಡಯಲ್-ಅಪ್ ಇತ್ತು. ಮೋಡೆಮ್ ಮೇಲೆ 56ಕೆ ಅಂತ ಬರೆದಿದ್ದರೂ ಕೈಗೆ ಹತ್ತುತ್ತಿದ್ದುದು ಸೆಕೆಂಡಿಗೆ ನಾಲ್ಕೈದು ಕೆಬಿ. 2004ರಲ್ಲಿ ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 2 ಬಂದಾಗ ಅದರ 266 ಎಂಬಿ ನೋಡಿಯೇ ಕೈಬಿಟ್ಟೆವು. ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುವ ಸಿಡಿ ಕಾಯುವುದೇ ವಾಸಿ ಅನ್ನಿಸಿತು. 2005ರಲ್ಲಿ ಡೇಟಾಒನ್ ಶುರುವಾಗಿ, ಬ್ರಾಡ್‌ಬ್ಯಾಂಡ್ ನಮ್ಮೂರಿಗೂ ಬಂದ ಮೇಲೆ ಆಸೆ ಚಿಗುರಿತು.

ಠಾಣೆ ಹೂಡುತ್ತಿದ್ದುದು ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಒಳಗಿದ್ದ ಕಂಪ್ಯೂಟರ್ ಅಂಗಡಿಯಲ್ಲಿ. ಹಗಲು ಅಲ್ಲಿ ಜೆರಾಕ್ಸ್, ನುಡಿಯಲ್ಲಿ ಅರ್ಜಿ ಟೈಪಿಂಗ್, ಮೇ ತಿಂಗಳು ಬಂದರೆ ಎಸ್ಸೆಸ್ಸೆಲ್ಸಿ ರಿಸಲ್ಟಿನ ನೂಕುನುಗ್ಗಲು. ರಾತ್ರಿ ಶಟರ್ ಅರ್ಧ ಇಳಿಸಿದ ಮೇಲೆ ಮಿಷಿನ್ ನಮ್ಮದು. ಫ್ಲ್ಯಾಶ್‌ಗೆಟ್ ತೆರೆದರೆ ಕಡತ ಹೋಳುಹೋಳಾಗಿ ಇಳಿಯುತ್ತಿತ್ತು, ಪರದೆ ತುಂಬ ಚುಕ್ಕಿಗಳು ಒಂದೊಂದೇ ಬಣ್ಣ ತುಂಬಿಕೊಳ್ಳುತ್ತಿದ್ದವು. ಮಳೆಗಾಲದಲ್ಲಿ ಒಂದು ಗುಡುಗು ಬಂತೆಂದರೆ ಲೈನ್ ಕಡಿಯುತ್ತಿತ್ತು. ಸರ್ವರ್ ಒಪ್ಪಿದರೆ ನಿಂತಲ್ಲಿಂದ ಮುಂದುವರಿಯಬಹುದು, ಒಪ್ಪದಿದ್ದರೆ ಮತ್ತೆ ಸೊನ್ನೆಯಿಂದ. ಹಾಗಾಗಿ ಫೈಲ್ ಆರಿಸುವುದಕ್ಕಿಂತ ರೆಸ್ಯೂಮ್ ಆಗುವ ಸರ್ವರ್ ಹುಡುಕುವುದೇ ದೊಡ್ಡ ಕೆಲಸ.

ಕೆಟ್ಟಿತು ಅಂತ ಹೇಳಿದರೆ ಅಂಗಡಿಯ ಅಣ್ಣ ಕೇಳುತ್ತಿದ್ದುದು ಒಂದೇ: "ಎಲ್ಲಿಗೆ ಬಂದು ನಿಂತ್ತು ಮಾರಾಯ?" ಒಂದೊಂದು ಸಲ ಒಂದೊಂದು ಕಡೆ ನಿಂತರೆ ಲೈನಿನ ದೋಷ. ನಡುವೆಯೇ ನಿಂತು, ಜಾಗ ಇಲ್ಲ ಅಂದರೆ ಸಿ ಡ್ರೈವ್. ಆ ಕಾಲದ ಇಂಟರ್‌ನೆಟ್ ಎಕ್ಸ್‌ಪ್ಲೋರರ್, ಡಿಗೆ ಹಾಕು ಅಂದರೂ ಮೊದಲು ಸಿಯಲ್ಲಿ ಇಳಿಸಿಕೊಂಡು ಆಮೇಲೆ ನಕಲು ಮಾಡುತ್ತಿತ್ತು. ಡಿ ಖಾಲಿ ಬಿದ್ದಿದ್ದರೂ ಪ್ರಯೋಜನವಿಲ್ಲ. ಪೂರ್ತಿ ಇಳಿದ ಮೇಲೂ ವಿನ್‌ರಾರ್ ಸಿಆರ್‌ಸಿ ಎರರ್ ಅಂದರೆ ನಡುವೆ ಎಲ್ಲೋ ಬೈಟು ಕೆಟ್ಟಿದೆ. ಕಡತ ಭಾಗಭಾಗವಾಗಿದ್ದರೆ ಆ ಒಂದು ಭಾಗವನ್ನಷ್ಟೇ ಮತ್ತೆ ತರಿಸಿದರಾಯಿತು.

ನಮ್ಮನ್ನು ನಿಜವಾಗಿ ಕಾಡಿದ್ದು 4.3 ಜಿಬಿಯ ಒಂದು ಲಿನಕ್ಸ್ ಡಿವಿಡಿ. ಮೊದಲ ಸಲ ಬ್ರೌಸರ್ ಅದನ್ನು ಬರೀ 300 ಎಂಬಿ ಅಂತ ತೋರಿಸಿತು. ಒಂದೇ ರಾತ್ರಿಯಲ್ಲಿ ಮುಗಿದೂ ಹೋಯಿತು. ಖುಷಿಯಲ್ಲಿ ಚಹಾ ಆಯಿತು, ಡಿವಿಡಿ ಮಾತ್ರ ಏಳಲಿಲ್ಲ. 32 ಬಿಟ್‌ನಲ್ಲಿ ಎಣಿಸುವ ತಂತ್ರಾಂಶಕ್ಕೆ 429 ಕೋಟಿ 49 ಲಕ್ಷ 67 ಸಾವಿರದ 295ರಾಚೆ ಲೆಕ್ಕವಿಲ್ಲ. ಸ್ಕೂಟರಿನ ಮೀಟರ್ 99999 ದಾಟಿದ ಹಾಗೆ ಮತ್ತೆ ಸೊನ್ನೆಯಿಂದ ಶುರು. ನಾಲ್ಕು ಜಿಬಿ ನುಂಗಿಹಾಕಿ, ಉಳಿದ ಬಾಲವನ್ನು ನಮಗೆ ತೋರಿಸಿತ್ತು.

ಡೌನ್‌ಲೋಡರ್ ಬದಲಿಸಿ, ರಾತ್ರಿಗಳ ಮೇಲೆ ರಾತ್ರಿ ಇಳಿಸಿದ್ದಾಯಿತು. ಸರಿಯಾಗಿ ನಾಲ್ಕು ಜಿಬಿಗೆ ಬಂದು ಡಿಸ್ಕ್ ತುಂಬಿದೆ ಅಂದಿತು. ಡಿಯಲ್ಲಿ ಎಂಟು-ಹತ್ತು ಜಿಬಿ ಖಾಲಿ! ಇಂಥ ಸುಳ್ಳು ಎರರ್ ಬರೆದವನನ್ನು ಅವತ್ತು ನಾವೆಲ್ಲ ಸೇರಿ ಬೈದದ್ದು ನೆನೆದರೆ ಈಗಲೂ ನಗು ಬರುತ್ತದೆ. ಫ್ಯಾಟ್32 ಡ್ರೈವಿನಲ್ಲಿ ಒಂದು ಕಡತ ಅದೇ ಸಂಖ್ಯೆ ದಾಟುವಂತಿಲ್ಲ. ಅಣ್ಣ ಕಪ್ಪು ಪರದೆ ತೆರೆದು, "ಕನ್ವರ್ಟ್, ಡಿ ಕೋಲನ್, ಸ್ಲ್ಯಾಶ್ ಎಫ್‌ಎಸ್ ಕೋಲನ್ ಎನ್‌ಟಿಎಫ್‌ಎಸ್" ಅಂತ ಬಾಯಲ್ಲಿ ಹೇಳುತ್ತಲೇ ಒತ್ತಿದರು. ಒಳಗಿನ ಕಡತಗಳು ಅಳಿಸದೆ ಡ್ರೈವ್ ಬದಲಾಯಿತು. ಅದೇ ಮಿಷಿನಿನಲ್ಲಿದ್ದ ವಿಂಡೋಸ್ 98ಗೆ ಮಾತ್ರ ಅಂದಿನಿಂದ ಡಿ ಕಾಣುವುದೇ ನಿಂತಿತು, ಟೈಪಿಂಗ್ ಮಾಡುವ ಅಕ್ಕ ಅದಕ್ಕಾಗಿ ನಮ್ಮನ್ನು ಬಹಳ ದಿನ ಕ್ಷಮಿಸಲಿಲ್ಲ.

ಕೊನೆಗೆ ಇಳಿಯಿತು. ಕಡತ ಸರಿಯಾಗಿ ಬಂದಿದೆಯೋ ಅಂತ ಎಂಡಿ5 ತಾಳೆ ನೋಡಬೇಕಲ್ಲ. ಒಬ್ಬ ಪರದೆಯಿಂದ "ಏಳು, ಎ, ಎಫ್, ಸೊನ್ನೆ" ಅಂತ 32 ಅಕ್ಷರ ಓದುವುದು, ಇನ್ನೊಬ್ಬ ಹೂಂಗುಟ್ಟುವುದು. ನಾಲ್ಕನೆಯದಕ್ಕೇ ಹೂಂ ನಿಂತಿತು. ಆಗ ಅಣ್ಣ ಹೂಡಿದ ಉಪಾಯ ನನಗೆ ಇವತ್ತಿಗೂ ಮೆಚ್ಚು. ಅದೇ ಡಿವಿಡಿಯ ಟೊರೆಂಟ್ ತೆರೆದು, ನಮ್ಮ ಕೆಟ್ಟ ಕಡತವನ್ನೇ ಅದರ ಜಾಗದಲ್ಲಿಟ್ಟು ತಪಾಸಣೆಗೆ ಹಚ್ಚಿದರು. ಟೊರೆಂಟು ಒಂದೊಂದು ತುಂಡಿಗೂ ಬೇರೆ ಬೇರೆ ಗುರುತು ಇಟ್ಟಿರುತ್ತದೆ, ಕೆಟ್ಟ ತುಂಡುಗಳನ್ನಷ್ಟೇ ಹೊಸದಾಗಿ ತರಿಸಿಕೊಂಡಿತು. ಅಂಚೆಯಲ್ಲಿ ಉಬುಂಟು ಸಿಡಿ ಪುಕ್ಕಟೆ ಕಳಿಸುತ್ತಿದ್ದ ಕಾಲವದು. ಅರ್ಜಿ ಹಾಕಿ ಕೂತಿದ್ದರೂ ನಡೆಯುತ್ತಿತ್ತು. ಕಾಯುವವರು ಯಾರು?

ಈಗ ಆ ಅಂಗಡಿಯಲ್ಲಿ ಪಹಣಿ, ಆನ್‌ಲೈನ್ ಅರ್ಜಿಗಳ ಸಾಲು. ಮೊನ್ನೆ ಹೋದಾಗ ಒಬ್ಬ ಹುಡುಗ ಮದುವೆ ವಿಡಿಯೊ ಪೆನ್‌ಡ್ರೈವಿಗೆ ಹೋಗುತ್ತಿಲ್ಲ, ಪೆನ್‌ಡ್ರೈವೇ ಹಾಳಾಗಿದೆ ಅಂತ ತಗಾದೆ ತೆಗೆದಿದ್ದ. ಅಣ್ಣ ತಲೆ ಎತ್ತಲೂ ಇಲ್ಲ.

"ಎಷ್ಟು ಜಿಬಿ ಅದು?"

"ಐದೂವರೆ, ಅಂಕಲ್."

"ಎಕ್ಸ್‌ಫ್ಯಾಟ್ ಮಾಡಿಕೊಡ್ತೀನಿ. ಒಳಗಿರೋದನ್ನ ಮೊದಲು ಬೇರೆ ಕಡೆ ಹಾಕ್ಕೋ, ಎಲ್ಲಾ ಅಳಿಸಿ ಹೋಗ್ತದೆ."