ಮುಖದ ವ್ರಣವೂ ಶಸ್ತ್ರವೈದ್ಯರ ಕೈಯೂ

ಸ್ಮರಣ ಸಂಚಿಕೆಯೆಂದರೆ ಹಳೆಯ ಗೆಳತಿಯರ ಕುಶಲವನ್ನೂ ಗುರುಗಳ ನೆನಪನ್ನೂ ಹೊತ್ತು ಬರುವ ಹೊತ್ತಗೆಯೆಂದು ನಮ್ಮ ವಾಚಕರು ಬಲ್ಲರು. ಅಂಥ ಪುಟಗಳ ನಡುವೆ ಒಂದು ರೋಗದ ಮಾತನ್ನೆತ್ತುವುದು ಯುಕ್ತವೇ ಎಂದು ಕೆಲವರಿಗೆ ತೋರಬಹುದು. ಆದರೆ ಈ ಶಾಲೆಯಿಂದ ಹೊರಟ ಹುಡುಗಿಯರನೇಕರು ಈಗ ತಾಯಂದಿರೂ ಅಜ್ಜಿಯರೂ ಆಗಿದ್ದಾರೆ. ಮನೆಯವರ ಮೈಮೇಲಿನ ಗಾಯವನ್ನು ಮೊದಲು ಕಾಣುವ ಕಣ್ಣು ಬಹುಮಟ್ಟಿಗೆ ಅವರದೇ. ಆದಕಾರಣ, ಇದೇ ಶಾಲೆಯಲ್ಲಿ ಓದಿದ ನಮ್ಮ ದೊಡ್ಡಮ್ಮನವರ ಮೂಗಿನ ಮೇಲೆ ಕಂಡ ಒಂದು ಚಿಕ್ಕ ಹುಣ್ಣಿನ ವೃತ್ತಾಂತವನ್ನೂ, ಅದರ ನಿಮಿತ್ತ ನಾವು ತಿಳಿದುಕೊಂಡ ಸಂಗತಿಗಳನ್ನೂ ಅವರ ಅಪ್ಪಣೆ ಪಡೆದು ಇಲ್ಲಿ ನಿವೇದಿಸುತ್ತೇವೆ.

ಚರ್ಮದ ಕ್ಯಾನ್ಸರ್ ಬಿಳಿಯ ಮೈಬಣ್ಣದ ಜನರಲ್ಲಿ ಹೆಚ್ಚು. ನಮ್ಮಂಥ ಕಂದುಬಣ್ಣದವರಲ್ಲಿ ಕಡಿಮೆ. ಮೈಗೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವು ಬಿಸಿಲಿನ ಅತಿನೇರಳೆ ಕಿರಣಗಳನ್ನು ತಕ್ಕಮಟ್ಟಿಗೆ ತಡೆಯುವುದೇ ಇದಕ್ಕೆ ಕಾರಣ. ಆದರೆ ಕಡಿಮೆಯೆಂದರೆ ಇಲ್ಲವೆಂದಲ್ಲ. ಈ ರೋಗದಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು. ಬೇಸಲ್ ಸೆಲ್ ಎಂಬುದು ಹೆಚ್ಚಾಗಿ ತಲೆ, ಮುಖ, ಕುತ್ತಿಗೆಗಳಲ್ಲಿಯೇ ಕಾಣುವುದು. ಇದು ಮೆಲ್ಲನೆ ಬೆಳೆಯುತ್ತದೆ. ದೂರದ ಅಂಗಗಳಿಗೆ ಹರಡುವುದು ಅತಿ ವಿರಳ. ಆದರೆ ಬಿಟ್ಟುಬಿಟ್ಟರೆ ಇದ್ದ ಸ್ಥಳದಲ್ಲಿಯೇ ಚರ್ಮವನ್ನೂ ಮೃದ್ವಸ್ಥಿಯನ್ನೂ ಕಡೆಗೆ ಎಲುಬನ್ನೂ ಕೊರೆಯುವುದು. ಡಬ್ಲಿನ್ನಿನ ವೈದ್ಯ ಆರ್ಥರ್ ಜೇಕಬ್ ಎಂಬವರು 1827ರಲ್ಲಿಯೇ ಇದನ್ನು ವರ್ಣಿಸಿದ್ದರು. ಸ್ಕ್ವೇಮಸ್ ಸೆಲ್ ಎಂಬುದು ತುಟಿ, ಕಿವಿಗಳ ಮೇಲೆಯೂ ಹಳೆಯ ಸುಟ್ಟ ಕಲೆಗಳಲ್ಲಿಯೂ ಹುಟ್ಟಬಲ್ಲದು. ಇದು ಕುತ್ತಿಗೆಯ ಗ್ರಂಥಿಗಳಿಗೆ ಇಳಿಯುವ ಭಯವುಂಟು. ಮೂರನೆಯದಾದ ಮೆಲನೋಮ ವಿರಳವಾದರೂ ಮಿಕ್ಕೆರಡಕ್ಕಿಂತ ಘೋರವಾದದ್ದು.

ನಮ್ಮ ದೊಡ್ಡಮ್ಮನವರಿಗೆ ಬಂದದ್ದು ಮೊದಲನೆಯ ಬಗೆ. ಮೂಗಿನ ಬಲಹೊಳ್ಳೆಯ ಮೇಲೆ ಕರಿಮೆಣಸಿನ ಕಾಳಿನಷ್ಟು ಕಪ್ಪಾದ, ಅಂಚಿನಲ್ಲಿ ಹೊಳಪುಳ್ಳ ಒಂದು ಗುಳ್ಳೆ ಎದ್ದಿತು. ಕಂದುಬಣ್ಣದವರಲ್ಲಿ ಈ ವ್ರಣವು ಅನೇಕ ವೇಳೆ ಕಪ್ಪಾಗಿಯೇ ಇರುವುದರಿಂದ ಮನೆಯವರೆಲ್ಲರೂ ಅದನ್ನು ಮಚ್ಚೆಯೆಂದೇ ಬಗೆದರು. ಮುಖ ತೊಳೆಯುವಾಗ ರಕ್ತ ಒಸರುವುದು, ಹಕ್ಕಳೆ ಕಟ್ಟುವುದು, ಮಾಯಿತೆನ್ನುವಷ್ಟರಲ್ಲಿ ಮತ್ತೆ ಒಸರುವುದು, ಹೀಗೆ 2 ವರ್ಷ ಕಳೆಯಿತು. ಅರಿಸಿನ ಹಚ್ಚಿದ್ದಾಯಿತು, ಕೊಬ್ಬರಿಯೆಣ್ಣೆ ಹಚ್ಚಿದ್ದಾಯಿತು. ನೆರೆಯವರೊಬ್ಬರು, “ಅದಕ್ಕೆ ಕತ್ತಿ ಮಾತ್ರ ತಾಗಿಸಬೇಡಿ, ತಾಗಿತೋ ಮೈಯೆಲ್ಲಾ ಹಬ್ಬೀತು” ಎಂದು ಎಚ್ಚರಿಸಿದರು. ಈ ಮಾತು ನಮ್ಮ ಊರುಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ, ಇದು ನಿಜವಲ್ಲ. ಹುಣ್ಣು ದೊಡ್ಡದಾಗುವುದು ತಡಮಾಡುವುದರಿಂದಲೇ ಹೊರತು ಕತ್ತಿಯಿಂದಲ್ಲ.

ಕಡೆಗೆ ಆಸ್ಪತ್ರೆಯಲ್ಲಿ ಒಂದು ಚೂರನ್ನು ತೆಗೆದು ಪರೀಕ್ಷಿಸಿದಾಗ ರೋಗವು ನಿಶ್ಚಯವಾಯಿತು. ಹೊಳ್ಳೆಯ ಬಹುಭಾಗವನ್ನು ತೆಗೆಯಬೇಕಾದೀತು, ಆಮೇಲೆ ಹಣೆಯ ಚರ್ಮದಿಂದ ಅದನ್ನು ಕಟ್ಟಿಕೊಡುತ್ತೇವೆ ಎಂದು ಶಸ್ತ್ರವೈದ್ಯರು ಹೇಳಿದರು. ದೊಡ್ಡಮ್ಮನವರು ಎದ್ದು ನಿಂತರು. “ಈ ವಯಸ್ಸಿನಲ್ಲಿ ಹುಣ್ಣಿನೊಡನೆಯೇ ಬಾಳಿಯೇನು, ಡಾಕ್ಟರೇ. ಮೂಗು ಕೊಯ್ಸಿಕೊಂಡ ಮುಖವನ್ನು ನನ್ನ ಮೊಮ್ಮಕ್ಕಳು ನೋಡಬಾರದು” ಎಂದರು. ಮೂಗು ಕೊಯ್ಯುವುದೆಂದರೆ ನಮ್ಮ ನಾಡಿನಲ್ಲಿ ಪೂರ್ವದಿಂದಲೂ ದಂಡನೆ ಮತ್ತು ಅವಮಾನದ ಮಾತಾಗಿರುವುದರಿಂದ, ಅವರ ಅಂಜಿಕೆಯನ್ನು ಅಲ್ಪವೆಂದು ಎಣಿಸಲಾಗದು.

ಆಗ ಆ ವೈದ್ಯರು ಅವರನ್ನು ಕೂರಿಸಿ ಒಂದು ಹಳೆಯ ಕಥೆಯನ್ನು ಹೇಳಿದರು. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜೀ ಎಂಬಾತನು ಟೀಪು ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು 1 ವರ್ಷದ ತರುವಾಯ ಪುಣೆಯ ಹತ್ತಿರದ ದೇಶೀಯ ಚಿಕಿತ್ಸಕನೊಬ್ಬನು ಮೇಣದಿಂದ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ ಗೆರೆಯೆಳೆದು, ಆ ಗೆರೆಯಂತೆ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಸಳನ್ನು ಮಾತ್ರ ಉಳಿಸಿ, ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ಕಟ್ಟಿದನು. ಈ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಪತ್ರಿಕೆಯಲ್ಲಿ ಚಿತ್ರಸಹಿತ ಅಚ್ಚಾಯಿತು. ಅದರ ಪ್ರೇರಣೆಯಿಂದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯರು 1814ರಲ್ಲಿ ಲಂಡನ್ನಿನಲ್ಲಿ ಇದೇ ಕ್ರಮವನ್ನು ನಡೆಯಿಸಿದರು. “ಅಮ್ಮಾ, ದಂಡನೆಯಿಂದ ಹೋದ ಮೂಗನ್ನು ಅಂದು ಕಟ್ಟಿದ ವಿದ್ಯೆಯಿಂದಲೇ ಇಂದು ರೋಗದಿಂದ ಹೋಗುವ ಮೂಗನ್ನು ಕಟ್ಟುತ್ತೇವೆ” ಎಂದರು ವೈದ್ಯರು. ದೊಡ್ಡಮ್ಮನವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಡೆಯಲಿ” ಎಂದರು.

ಇಲ್ಲಿ ಶಸ್ತ್ರಚಿಕಿತ್ಸೆಯ ಮರ್ಮವನ್ನು ಸ್ವಲ್ಪ ಹೇಳಬೇಕು. ಕಣ್ಣಿಗೆ ಕಾಣುವ ಹುಣ್ಣಿಗಿಂತ ಒಳಗಿನ ಬೇರು ವಿಸ್ತಾರವಾಗಿರಬಹುದು. ಆದ್ದರಿಂದ ಚಿಕ್ಕದಾದ, ಅಂಚು ಸ್ಪಷ್ಟವಾದ ಬೇಸಲ್ ಸೆಲ್ ವ್ರಣವನ್ನು ಸಾಮಾನ್ಯವಾಗಿ ಸುತ್ತಲಿನ ಸುಮಾರು 4 ಮಿಲಿಮೀಟರು ಒಳ್ಳೆಯ ಚರ್ಮದೊಡನೆ ಕೊಯ್ಯುತ್ತಾರೆ. ಬೆನ್ನಿನ ಮೇಲೆ ಇಷ್ಟು ಚರ್ಮ ಹೋದರೆ ಚಿಂತೆಯಿಲ್ಲ. ಕಣ್ರೆಪ್ಪೆಯಲ್ಲಿಯೂ ಹೊಳ್ಳೆಯಲ್ಲಿಯೂ ಅದು ದೊಡ್ಡ ನಷ್ಟ. ಹೆಚ್ಚು ಕೊಯ್ದರೆ ರೂಪ ಕೆಡುವುದು, ಕಡಿಮೆ ಕೊಯ್ದರೆ ರೋಗ ಮರಳುವುದು. ಈ ಇಕ್ಕಟ್ಟಿಗೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರೆಡೆರಿಕ್ ಮೋಹ್ಸ್ ಎಂಬವರು 1930ರ ದಶಕದಲ್ಲಿ ಉಪಾಯವನ್ನು ಕಂಡುಹಿಡಿದು 1941ರಲ್ಲಿ ಪ್ರಕಟಿಸಿದರು. ತೆಳುವಾದ ಪದರವನ್ನು ತೆಗೆದು, ಕಿತ್ತಳೆಯ ಅರೆಹೋಳಿನ ಸಿಪ್ಪೆಯನ್ನು ಒತ್ತಿ ಹಾಸಿದಂತೆ ಅದರ ತಳವನ್ನೂ ಅಂಚನ್ನೂ ಒಂದೇ ಮಟ್ಟಕ್ಕೆ ತಂದು, ಎಲ್ಲವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಯಾವ ಮೂಲೆಯಲ್ಲಿ ರೋಗ ಉಳಿದಿದೆಯೋ ಆ ಮೂಲೆಯಿಂದ ಮಾತ್ರ ಮತ್ತೊಂದು ಪದರವನ್ನು ತೆಗೆಯುವುದು. ಮೊದಲು ಸತುವಿನ ಕ್ಲೋರೈಡಿನ ಲೇಪ ಹಚ್ಚಿ ನೋವಿನೊಡನೆ ನಡೆಯುತ್ತಿದ್ದ ಈ ಕ್ರಮವು 1970ರ ದಶಕದಿಂದೀಚೆಗೆ ಲೇಪವಿಲ್ಲದೆ, ಅಂಗಾಂಶವನ್ನು ಹೆಪ್ಪುಗಟ್ಟಿಸಿ ನೋಡುವ ಮೂಲಕ ಸಾಮಾನ್ಯವಾಗಿ ಒಂದೇ ದಿನದಲ್ಲಿ ಮುಗಿಯುವಂತಾಯಿತು.

ದೊಡ್ಡಮ್ಮನವರಿಗೆ ಆ ಸ್ಥಳವನ್ನು ಮಾತ್ರ ಮರಗಟ್ಟಿಸಿ 3 ಸುತ್ತು ಪದರ ತೆಗೆದರು. ಪ್ರತಿ ಸುತ್ತಿನ ನಡುವೆ ಪಟ್ಟಿ ಕಟ್ಟಿಕೊಂಡು ಹೊರಗೆ ಕುಳಿತು ಕಾಯುವುದೇ ಕಷ್ಟದ ಕೆಲಸ. 3ನೆಯ ಸುತ್ತಿನ ಬಳಿಕ ಎಲ್ಲ ಅಂಚೂ ಶುದ್ಧವಾಗಿದೆಯೆಂದು ತಿಳಿಯಿತು. ಕರಿಮೆಣಸಿನಷ್ಟಿದ್ದ ಹುಣ್ಣಿನ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಗುಳಿಯಿತ್ತು. ಮರುದಿನ ಪೂರ್ಣ ಅರಿವಳಿಕೆ ಕೊಟ್ಟು, ಕಿವಿಯ ಮೃದ್ವಸ್ಥಿಯ ತುಣುಕೊಂದನ್ನು ಆಧಾರವಾಗಿರಿಸಿ, ಹಣೆಯ ಚರ್ಮವನ್ನು ಇಳಿಸಿ ಹೊಲಿದರು.

ಹೊಸ ಚರ್ಮಕ್ಕೆ ಅಲ್ಲಿಯ ರಕ್ತವು ಹರಿಯತೊಡಗುವ ತನಕ, ಅಂದರೆ ಸುಮಾರು 3 ವಾರ, ಹುಬ್ಬಿನಿಂದ ಮೂಗಿಗೆ ಮಾಂಸದ ಸೇತುವೆಯೊಂದು ಇದ್ದೇ ಇರಬೇಕು. ಅಷ್ಟು ದಿನ ಕನ್ನಡಕ ಇಡಲಾಗದು. ಓದಿಲ್ಲದೆ ದಿನ ಕಳೆಯದ ದೊಡ್ಡಮ್ಮನವರಿಗೆ ನೋವಿಗಿಂತ ಇದೇ ದೊಡ್ಡ ಸಂಕಟವಾಯಿತು. ನಾವು ದಿನವೂ ಸಂಜೆ ಅವರಿಗೆ ಪತ್ರಿಕೆಯನ್ನು ಓದಿ ಹೇಳುತ್ತಿದ್ದೆವು. ಯಾರನ್ನೂ ಒಳಗೆ ಬಿಡಬೇಡಿರೆಂದು ಮೊದಲ ವಾರ ಕಟ್ಟಪ್ಪಣೆಯಿತ್ತು. ಒಂದು ದಿನ ಕಿರಿಯ ಮೊಮ್ಮಗಳು ಬಾಗಿಲು ತಳ್ಳಿಕೊಂಡು ಒಳನುಗ್ಗಿ, ಹತ್ತಿರ ಬಂದು ದಿಟ್ಟಿಸಿ ನೋಡಿ, “ಅಜ್ಜೀ, ನಿನಗೆ ಆನೆಯ ಹಾಗೆ ಸೊಂಡಿಲು ಬಂದಿದೆ” ಎಂದಳು. ದೊಡ್ಡಮ್ಮನವರು ಹೊಲಿಗೆ ಎಳೆಯುವಂತೆ ನಕ್ಕರು. ಮರುದಿನದಿಂದ ಬಾಗಿಲು ತೆರೆಯಿತು. 3 ವಾರದ ಮೇಲೆ ಸೇತುವೆಯನ್ನು ಕೊಯ್ದು ಸರಿಪಡಿಸಿದರು. ಹಣೆಯ ಮೇಲೊಂದು ಗೆರೆ, ಹೊಳ್ಳೆಯ ಮೇಲೊಂದು ಗೆರೆ ಉಳಿದಿವೆ. ಹಣೆಯ ಸ್ವಲ್ಪ ಭಾಗ ಇನ್ನೂ ಜೋಮುಹಿಡಿದಂತಿದೆ. ಆದರೂ ಅವರು ಸೆರಗಿನಿಂದ ಮುಖ ಮರೆಸಿಕೊಳ್ಳುವವರಲ್ಲ. “2 ವರ್ಷದ ಹಿಂದೆ ಬಂದಿದ್ದರೆ ಒಂದೇ ಗೆರೆಯಲ್ಲಿ ಮುಗಿಯುತ್ತಿತ್ತಂತೆ, ಮಗಳೇ, ಇದನ್ನು ಬರೆ” ಎಂದು ನಮಗೆ ಆಜ್ಞಾಪಿಸಿದವರೂ ಅವರೇ.

ಆದಕಾರಣ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮುಖ, ಕಿವಿ, ತಲೆ, ಕುತ್ತಿಗೆಗಳ ಮೇಲಿನ ಯಾವ ಹುಣ್ಣಾದರೂ ಒಂದು ತಿಂಗಳಲ್ಲಿ ಮಾಯದಿದ್ದರೆ, ಪದೇ ಪದೇ ರಕ್ತ ಒಸರಿದರೆ, ಮಚ್ಚೆಯೊಂದು ಬೆಳೆದರೆ ಅಥವಾ ಬಣ್ಣ ಬದಲಿಸಿದರೆ, ಹಳೆಯ ಸುಟ್ಟ ಕಲೆ ಒಡೆದು ಹುಣ್ಣಾದರೆ, ಎಣ್ಣೆ ಅರಿಸಿನಗಳಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸತಕ್ಕದ್ದು. ಹುಟ್ಟಿನಿಂದಲೇ ಮೈಬಣ್ಣವಿಲ್ಲದ ಮಕ್ಕಳಿರುವ ಮನೆಯವರು ಬಿಸಿಲಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ವಹಿಸತಕ್ಕದ್ದು. ಚಿಕಿತ್ಸೆಯಾದವರು ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮರುಪರೀಕ್ಷೆಗೆ ಹೋಗತಕ್ಕದ್ದು. ಒಮ್ಮೆ ಬಂದವರಿಗೆ ಬೇರೊಂದೆಡೆ ಮತ್ತೆ ಬರುವುದುಂಟು. ವಯಸ್ಸಾದವರು ತಮ್ಮ ಕಿವಿಯ ಹಿಂಬದಿಯನ್ನೂ ನೆತ್ತಿಯನ್ನೂ ತಾವೇ ನೋಡಿಕೊಳ್ಳಲಾರರು. ಮುಂದಿನ ಸಾರಿ ಅವರ ತಲೆ ಬಾಚುವಾಗ ಬೆಳಕಿರುವ ಕಿಟಕಿಯ ಬಳಿ ಕೂರಿಸಿಕೊಂಡು ಒಮ್ಮೆ ಚೆನ್ನಾಗಿ ನೋಡಿರಿ.