ಮುಳ್ಳು ತಾನಾಗೇ ಕೆಳಗಿಳಿದಾಗ

ಎರಡು ವರ್ಷದ ಹಿಂದಿನ ಡಿಸೆಂಬರ್ ರಜೆಯಲ್ಲಿ ನಾನು ನಮ್ಮ ಮಾಮಾನ ಟ್ರಾಕ್ಟರ್ ಇಂಜಿನ್ ಸುಟ್ಟು ಹಾಕಿದೆ. ಸುಟ್ಟು ಹಾಕಿದೆ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು. ಸಿಲಿಂಡರ್ ಹೆಡ್ ಬಿರುಕು ಬಿಟ್ಟಿತು, ಗ್ಯಾಸ್ಕೆಟ್ ಹೋಯ್ತು, ಅಷ್ಟೇ. ಆದರೆ ಆಳಂದ ಕಡೆಯ ನಮ್ಮೂರಲ್ಲಿ ಇವತ್ತಿಗೂ ನನ್ನ ಪರಿಚಯ ಒಂದೇ ಸಾಲಿನದು: "ಇಂಜಿನಿಯರಿಂಗ್ ಓದ್ಲಾಕ ಹೋಗಿ ಇಂಜಿನ್ ಸುಟ್ಟಾಂವ."

ಆಗ ಐದನೇ ಸೆಮ್ ಮುಗಿಸಿ ಹೋಗಿದ್ದೆ. ಹೀಟ್ ಟ್ರಾನ್ಸ್‌ಫರ್ ಪೇಪರ್ ಚೆನ್ನಾಗಿ ಬರೆದಿದ್ದೆ ಅನ್ನೋ ಧಿಮಾಕು ಬೇರೆ. ನಮ್ಮ ಕಡೆ ಡಿಸೆಂಬರ್, ಜನವರಿ ಅಂದ್ರೆ ತೊಗರಿ ರಾಶಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ನೀವು ಎಲ್ಲೋ ಓದಿರಬಹುದು. ಆ ಬೇಳೆ ಗಿಡದಿಂದ ಚೀಲಕ್ಕೆ ಬರುವ ನಡುವೆ ಏನೇನು ಧೂಳು ಏಳುತ್ತೆ ಅನ್ನೋದು ಮಾತ್ರ ಕಣದಲ್ಲಿ ನಿಂತವರಿಗೇ ಗೊತ್ತು. ಮಾಮಾ ಟ್ರಾಕ್ಟರ್ ಹಿಂದೆ ರಾಶಿ ಮಷಿನ್ ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ಬಾಡಿಗೆಗೆ ಹೋಗ್ತಾನೆ. ವರ್ಷದ ಗಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆ ಆರೇಳು ವಾರದಲ್ಲೇ ಆಗಬೇಕು. ಟ್ರಾಕ್ಟರ್ ಸಾಲದ ಕಂತೂ ಅದರಲ್ಲೇ ಹೋಗಬೇಕು.

ಆ ದಿನ ಮಧ್ಯಾಹ್ನ ನಾನೇ ಸೀಟ್ ಮೇಲಿದ್ದೆ. ರಾಶಿ ಮಾಡುವಾಗ ಟ್ರಾಕ್ಟರ್ ಓಡಿಸೋದೇನೂ ಇರಲ್ಲ. ನಿಂತಲ್ಲೇ ನಿಂತಿರುತ್ತೆ, ಪಿಟಿಒ ಶಾಫ್ಟ್ ಹಿಂದಿನ ಮಷಿನ್ ತಿರುಗಿಸ್ತಿರುತ್ತೆ, ನಾವು ಥ್ರಾಟಲ್ ನೋಡ್ಕೊಂಡು ಕೂರೋದು. ಟೆಂಪರೇಚರ್ ಮುಳ್ಳು ನಿಧಾನಕ್ಕೆ ಹಸಿರು ದಾಟಿ ಕೆಂಪಿನ ಹತ್ತಿರ ಬಂತು. ಇನ್ನೊಂದೇ ಬಣವೆ ಉಳಿದಿತ್ತು. ಮುಗಿಸಿಬಿಡೋಣ ಅಂತ ಸುಮ್ಮನಿದ್ದೆ. ಮುಳ್ಳು ಕೆಂಪಿಗೆ ಹೋಯ್ತು. ಸ್ವಲ್ಪ ಹೊತ್ತಿಗೆ ತಾನಾಗೇ ಸರ್ರನೆ ಕೆಳಗಿಳಿಯಿತು. ನನಗೆ ಎಷ್ಟು ಖುಷಿ ಅಂದ್ರೆ, "ಥರ್ಮೋಸ್ಟಾಟ್ ಸಿಕ್ಕಿಹಾಕ್ಕೊಂಡಿತ್ತು, ಈಗ ಬಿಟ್ಟಿತು" ಅಂತ ಮಾಮಾನಿಗೆ ಕೂಗಿ ಹೇಳಿದೆ.

ಆಮೇಲೆ ಗೊತ್ತಾಗಿದ್ದು ಇಷ್ಟು. ಆ ಮೀಟರ್‌ನ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನೀರಿನ ಬಿಸಿ ಹೇಳುತ್ತೆ. ನೀರೆಲ್ಲ ಓವರ್‌ಫ್ಲೋ ಪೈಪಿನಿಂದ ಉಕ್ಕಿ ಹೋಗಿ ಸೆನ್ಸರ್ ಸುತ್ತ ಬರೀ ಗಾಳಿ ಉಳಿದರೆ ಮುಳ್ಳು ಕೆಳಗಿಳಿಯಬಹುದು. ಅಂದ್ರೆ ಮೀಟರ್ ಪ್ರಕಾರ ಇಂಜಿನ್ ತಣ್ಣಗಿದ್ದ ಆ ಹತ್ತು ನಿಮಿಷವೇ ಅದು ಬೇಯ್ತಿದ್ದ ಹತ್ತು ನಿಮಿಷ. ಏರಿದ ಮುಳ್ಳಿಗಿಂತ, ಕಾರಣವಿಲ್ಲದೆ ಇಳಿದ ಮುಳ್ಳಿಗೆ ನನಗೆ ಈಗ ಹೆಚ್ಚು ಭಯ.

ವಾಸನೆ ಬಂದು ಮಾಮಾ ಓಡಿ ಬಂದು ಇಂಜಿನ್ ಬಂದ್ ಮಾಡಿದ. ಅಲ್ಲಿಗೇ ನಿಲ್ಲಿಸಿದ್ದರೂ ಇಂಜಿನ್ ಉಳೀತಿತ್ತೇನೋ. ಅವನು ರಾಶಿ ಮಷಿನ್ ಕಡೆ ಹೋದಾಗ ನಾನು ಟವೆಲ್ ಸುತ್ತಿ ರೇಡಿಯೇಟರ್ ಕ್ಯಾಪ್ ತಿರುಗಿಸಿದೆ. ಕ್ಯಾಪ್ ಮೇಲೆ 0.9 ಅಂತ ಕೆತ್ತಿತ್ತು. 0.9 ಬಾರ್ ಒತ್ತಡದಲ್ಲಿ ನೀರು ಕುದಿಯೋದು ಹೆಚ್ಚುಕಡಿಮೆ 118 ಡಿಗ್ರಿಗೆ. ಆ ಒತ್ತಡ ಒಮ್ಮೆಲೇ ತೆಗೆದರೆ ಒಳಗಿನ ನೀರು ಅದೇ ಕ್ಷಣಕ್ಕೆ ಆವಿಯಾಗಿ ಹಾರುತ್ತೆ. ಇದೇ ಪ್ರಾಬ್ಲಮ್‌ನ ಸ್ಟೀಮ್ ಟೇಬಲ್ ನೋಡಿಕೊಂಡು ಇಂಟರ್ನಲ್ಸ್‌ನಲ್ಲಿ ಬಿಡಿಸಿದ್ದೆ, ಪೂರ್ತಿ ಮಾರ್ಕ್ಸ್ ಬಂದಿತ್ತು. ಮುಂಗೈ ಮೇಲೆ ಆ ಗುರುತು ಇನ್ನೂ ಇದೆ. ಉಳಿದಿದ್ದ ಸ್ವಲ್ಪ ನೀರು ಹಾಗೆ ಹೋಯ್ತು. ಗಾಬರಿಯಲ್ಲಿ ಪಕ್ಕದ ಬೋರ್‌ವೆಲ್‌ನಿಂದ ಒಂದು ಕೊಡ ತಣ್ಣೀರು ತಂದು ಸುರಿದುಬಿಟ್ಟೆ. ಟಣ್ ಅಂತ ಒಂದು ಸಣ್ಣ ಸದ್ದು. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಏನಾಗುತ್ತೆ ಅಂತ ಮೆಕ್ಯಾನಿಕಲ್‌ನವರಿಗೆ ನಾನು ಹೇಳಬೇಕಿಲ್ಲ.

ಮಾರನೇ ದಿನ ಆಳಂದದಿಂದ ಮಿಸ್ತ್ರಿ ಬಂದ. ನಾನು ಮೊದಲೇ ಥರ್ಮೋಸ್ಟಾಟ್ ಬಿಚ್ಚಿ ಕೈಯಲ್ಲಿ ಹಿಡಿದು, ಇದೇ ಕಾರಣ, ಇದನ್ನ ತೆಗೆದು ಒಗೆದರೆ ಸರಿಹೋಗುತ್ತೆ ಅಂದೆ. ನಮ್ಮ ಕಡೆ ಇಂಜಿನ್ ಕಾದರೆ ಬಹಳ ಜನ ಮೊದಲು ಮಾಡೋದೇ ಅದು. ಅವನು ಏನೂ ಅನ್ನಲಿಲ್ಲ. ಒಲೆ ಮೇಲಿನ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟ್ ದಾರಕ್ಕೆ ಕಟ್ಟಿ ಇಳಿಬಿಟ್ಟ. ನೀರು ಕುದಿಯೋಕೆ ಮುಂಚೆಯೇ ಒಳಗಿನ ಮೇಣ ಕರಗಿ ಹಿಗ್ಗಿ ವಾಲ್ವ್ ಬಾಯಿ ಬಿಟ್ಟಿತು. ಹೊರಗೆ ತೆಗೆದ, ಮುಚ್ಚಿಕೊಂಡಿತು. "ಇದು ಬರೋಬರಿ ಅದ. ತೆಗದು ಒಗದ್ರ ನೀರು ಶಾರ್ಟ್‌ಕಟ್ ಹಿಡೀತದ" ಅಂದ. ಅವನ ಮಾತಿನ ಅರ್ಥ ನನಗೆ ಹಾಸ್ಟೆಲ್‌ಗೆ ವಾಪಸ್ ಬಂದು ಡ್ರಾಯಿಂಗ್ ನೋಡಿದ ಮೇಲೇ ಆಗಿದ್ದು. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಇನ್ನೊಂದು ತುದಿ ಬೈಪಾಸ್ ದಾರಿ ಮುಚ್ಚುತ್ತೆ. ಅದನ್ನೇ ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರ್ ಕಡೆ ಹೋಗದೆ ಬೈಪಾಸ್‌ನಲ್ಲೇ ಸುತ್ತುತ್ತೆ. ತಣ್ಣಗಾಗಲಿ ಅಂತ ತೆಗೆದರೆ ಇನ್ನೂ ಕಾಯುತ್ತೆ.

ಆಮೇಲೆ ಅವನು ಮುಂದಿನ ಜಾಲಿ ತೆಗೆದು, ರೇಡಿಯೇಟರ್ ಮುಂದಿನ ಸಂದಿಗೆ ಕೈ ಹಾಕಿ ಎಳೆದ. ತೊಗರಿ ಹೊಟ್ಟು, ಒಣಗಿದ ಎಲೆ, ಮಣ್ಣು, ಸೋರಿದ ಎಣ್ಣೆ ಎಲ್ಲ ಸೇರಿ ಒಂದು ದಪ್ಪ ಪದರ ಹೊರಗೆ ಬಂತು, ಅಜ್ಜಿ ಹೊಲಿದ ಕೌದಿ ಹಾಗೆ. ಇಂಜಿನ್‌ಗೆ ನಾವು ಕೌದಿ ಹೊದಿಸಿ ಕೆಲಸ ಮಾಡಿಸಿದ್ವಿ.

ಊರಲ್ಲಿ ಎಲ್ಲರೂ ಹೇಳಿದ್ದು ಬಿಸಿಲು, ನಮ್ಮ ಕಲಬುರಗಿ ಬಿಸಿಲು ಅಂತ. ಇದು ನನಗೆ ತಡವಾಗಿ ಹೊಳೀತು: ಅದು ಡಿಸೆಂಬರ್! ಮೇ ತಿಂಗಳ 42 ಡಿಗ್ರಿಯಲ್ಲಿ ಇದೇ ಟ್ರಾಕ್ಟರ್ ನೇಗಿಲು ಹೊಡೆದಾಗ ಮುಳ್ಳು ಮಿಸುಕಿರಲಿಲ್ಲ. ಲೆಕ್ಕ ಹಾಕಿ ನೋಡಿ. ರೇಡಿಯೇಟರ್ ಹೊರಹಾಕೋ ಶಾಖ, ನೀರಿಗೂ ಗಾಳಿಗೂ ಇರೋ ಟೆಂಪರೇಚರ್ ವ್ಯತ್ಯಾಸದ ಮೇಲೆ ನಿಂತಿದೆ. ನೀರು 95 ಇದ್ದು ಹೊರಗೆ 28 ಇದ್ದರೆ ವ್ಯತ್ಯಾಸ 67. ಹೊರಗೆ 42 ಆದರೆ 53. ಡಿಸೆಂಬರ್‌ನಲ್ಲಿ ಸುಮಾರು ಕಾಲು ಪಾಲು ಹೆಚ್ಚು ಅನುಕೂಲ ಇದ್ದಾಗಲೂ ಇಂಜಿನ್ ಕಾದಿದೆ ಅಂದ್ರೆ ಆರೋಪಿ ಬಿಸಿಲಲ್ಲ. ಗಾಳಿಯೇ ಹಾಯ್ತಿಲ್ಲ. ಇಷ್ಟು ಸರಳ ಲೆಕ್ಕ ಆ ಸೀಟ್ ಮೇಲೆ ಕೂತಾಗ ಯಾಕೆ ಹೊಳೀಲಿಲ್ಲವೋ.

ಹಾಸ್ಟೆಲ್‌ನಲ್ಲಿ ಈ ಕಥೆ ಹೇಳಿದಾಗ ರೂಮ್‌ಮೇಟ್ ಒಬ್ಬ ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳ ವಿಡಿಯೋ ತೋರಿಸಿದ. ಅಲ್ಲಿ ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಇಂಜಿನ್ ಕಾಯುತ್ತಂತೆ. ನೀರು ತಣಿಸೋ ಕೂಲರ್ ಬೆಲ್ಟ್ ಮೇಲ್ಗಡೆ ಇರುತ್ತೆ, ಬೆಲ್ಟ್ ಎರಚಿದ ಹಿಮ ಅದಕ್ಕೆ ತಾಗಿ ತಣ್ಣಗಾಗಬೇಕು. ಗಟ್ಟಿ ಐಸ್ ಮೇಲೆ ಓಡಿಸಿದರೆ ಹಿಮ ಏಳಲ್ಲ, ಇಂಜಿನ್ ಕುದಿಯುತ್ತೆ. ಅದಕ್ಕೇ ಐಸ್ ಕೆರೆಯೋಕೆ ಸಣ್ಣ ಸ್ಪ್ರಿಂಗ್ ಕೊಕ್ಕೆ ಕಟ್ಟಿಕೊಳ್ತಾರೆ. ನಮಗೆ ಹೊಟ್ಟು ಬಂದು ಕೆಡಿಸಿತು, ಅವರಿಗೆ ಹಿಮ ಬರದೆ ಕೆಡಿಸುತ್ತೆ.

ಮಿಸ್ತ್ರಿ ಹೇಳಿಕೊಟ್ಟ ಒಂದು ಪರೀಕ್ಷೆ ಮಾತ್ರ ನಾನು ಎಲ್ಲರಿಗೂ ಹೇಳ್ತಿರ್ತೀನಿ. ಇಂಜಿನ್ ಕಾಯೋಕೆ ಶುರುವಾದಾಗ, ಫ್ಯಾನಿನಿಂದ ಕೈ ದೂರ ಇಟ್ಟು, ರೇಡಿಯೇಟರ್‌ನ ಮೇಲಿನ ಹೋಸ್, ಕೆಳಗಿನ ಹೋಸ್ ಎರಡರ ಬಿಸಿ ನೋಡಬೇಕು. ಮೇಲಿನದು ಸುಡ್ತಿದೆ, ಕೆಳಗಿನದು ತಣ್ಣಗಿದೆ ಅಂದ್ರೆ ನೀರು ಓಡ್ತಿಲ್ಲ. ಥರ್ಮೋಸ್ಟಾಟ್, ಪಂಪು, ಬೆಲ್ಟು, ಒಳಗೆ ಕಟ್ಟಿಕೊಂಡ ರೇಡಿಯೇಟರ್, ಆ ಕಡೆ ಹುಡುಕಬೇಕು. ಎರಡೂ ಒಂದೇ ಥರ ಸುಡ್ತಿದ್ದರೆ ನೀರು ಓಡ್ತಿದೆ, ಗಾಳಿಗೆ ಶಾಖ ಬಿಡ್ತಿಲ್ಲ. ಹೊರಗೆ ಹುಡುಕಬೇಕು. ನಮ್ಮದು ಎರಡನೇದು. ಮುಟ್ಟಿ ನೋಡಿದ್ದರೆ ಒಂದು ನಿಮಿಷದ ಕೆಲಸ. ನಾನು ಮುಟ್ಟಲಿಲ್ಲ, ಯೋಚನೆ ಮಾಡಿದೆ.

ಹಳೇ ಹೆಡ್ ಹೋಯ್ತು, ಬೇರೆ ಹಾಕಿಸಿದ್ವಿ. ಗ್ಯಾಸ್ಕೆಟ್, ಕೂಲಿ ಎಲ್ಲ ಸೇರಿ 28,000. ಅದಕ್ಕಿಂತ ಹೆಚ್ಚು ಕಾಡಿದ್ದು ಆರು ದಿನ. ಕಾಯ್ತಿದ್ದ ರೈತರು ಬೇರೆ ಮಷಿನ್ ಕರೆಸಿಕೊಂಡರು. ಮಾಮಾ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವರ್ಷ ನಾನಾಗೇ ಹೋದೆ. ಈ ಸಲ ಅಫಜಲಪುರ ಕಡೆಯಿಂದ ಶುರು. ಭೀಮಾ ದಂಡೆಯ ಆ ಊರುಗಳಲ್ಲಿ ತೊಗರಿ ಜೊತೆ ಕಬ್ಬೂ ಇದೆ. ಕಬ್ಬಿನ ಟ್ರಾಕ್ಟರ್ ಡ್ರೈವರ್ ಒಬ್ಬ ಜಾಲಿ ಮುಂದೆ ಸೊಳ್ಳೆ ಪರದೆ ಕಟ್ಟಿದ್ದ. ನಾವೂ ಕಟ್ಟಿದ್ವಿ. ಪರದೆಯೇ ಕಟ್ಟಿಕೊಳ್ಳುತ್ತಲ್ಲ ಅಂದೆ. "ಹೌದು, ಆದ್ರ ಅದು ನಿನ್ನ ಕಣ್ಣಿಗಿ ಕಾಣ್ತದ" ಅಂದ. ಗಂಟೆಗೊಮ್ಮೆ ಬಿಚ್ಚಿ ಝಾಡಿಸೋದು, ಸಂಜೆ ಫ್ಯಾನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆಯೋದು. ಮುಂದಿನಿಂದ ಹೊಡೆದರೆ ಹೊಟ್ಟು ಇನ್ನೂ ಒಳಗೆ ಕೂರುತ್ತೆ. ಬೋರ್ ನೀರಿನ ಬದಲು ಡಿಸ್ಟಿಲ್ಡ್ ವಾಟರ್, ಕೂಲೆಂಟ್ ಅರ್ಧರ್ಧ ಹಾಕಿದ್ವಿ. ಹಳೇ ಹೆಡ್ ಒಳಗೆ ಕಟ್ಟಿದ್ದ ಬಿಳಿ ಸುಣ್ಣ ನೋಡಿದ ಮೇಲೆ ಮಾಮಾ ಆ ಖರ್ಚಿಗೆ ಗೊಣಗಲಿಲ್ಲ.

ಅಲ್ಲಿಂದ ಜೇವರ್ಗಿ ತಾಲೂಕಿನ ಒಂದು ಹೊಲಕ್ಕೆ ಹೋದ್ವಿ. ಟ್ರಾಕ್ಟರ್ ನಿಲ್ಲಿಸಿ ಮಷಿನ್ ಜೋಡಿಸ್ತಿದ್ದಾಗ ಹೊಲದ ಮುದುಕಿ ಬಂದು ನಿಂತಳು. ಸೆರಗು ಗಾಳಿಗೆ ಬಿಟ್ಟು ನೋಡಿದಳು. "ಗಾಳಿ ಮೂಡಲಿಂದ ಬರ್ಲತ್ತದ. ನೀವು ಗಾಡಿ ಮಾರಿ ಪಡುವಲಕ್ಕ ಮಾಡೀರಿ. ಹೊಟ್ಟೆಲ್ಲ ನಿಮ್ಮ ಮ್ಯಾಲೇ ಬರ್ತದಲ್ಲೋ ಹುಚ್ಚಪ್ಪಗಳ್ಯಾ." ಮೊರ ಹಿಡಿದು ತೂರಿದ ಕಾಲದವಳು. ಗಾಳಿ ಬಂದಾಗ ತೂರಿಕೋ ಅನ್ನೋ ಮಾತನ್ನ ನಾನು ಭಾಷಣಗಳಲ್ಲಿ ಕೇಳಿದ್ದೆ, ಅವಳು ಮಾಡಿದ್ದಳು.

ಮಾಮಾ ನನ್ನ ಮುಖ ನೋಡಿದ. ನಾನು ಪಿಟಿಒ ಶಾಫ್ಟ್ ಬಿಚ್ಚಿದೆ. ಟ್ರಾಕ್ಟರ್ ಮೂಡಲಕ್ಕೆ ಮುಖ ಮಾಡಿ, ಮಷಿನ್ ಅದರ ಹಿಂದೆ ಬರುವಂತೆ ಮತ್ತೆ ಜೋಡಿಸೋಕೆ ಮುಕ್ಕಾಲು ಗಂಟೆ ಹಿಡೀತು. ಸಂಜೆ ಆರಕ್ಕೆ ಪರದೆ ಬಿಚ್ಚಿ ಝಾಡಿಸಿದೆ, ಒಂದು ಹಿಡಿ ಹೊಟ್ಟೂ ಬೀಳಲಿಲ್ಲ. ಮುಳ್ಳು ಹಸಿರಿನ ನಡುವೆ ನಿಂತಿತ್ತು. ಆದರೂ ನಂಬಿಕೆ ಸಾಲದೆ, ಇಳಿದು ಹೋಗಿ ಹೋಸ್ ಮುಟ್ಟಿ ಬಂದೆ.